ಎಡಗೈಗೆ ಸಿಗಬೇಕಾದ ಚಿರತೆ

ಮೃಗಾಲಯದ ಟಿಕೆಟ್ ಸಾಲಿನಲ್ಲಿ ಟೀಚರಮ್ಮ ಒಬ್ಬರ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ಗಂಡನ ಕೊರಳಲ್ಲಿ ಭಾರದ ಕ್ಯಾಮೆರಾ ಇತ್ತು, ಬಲಗೈ ಜೋತುಬಿದ್ದಿತ್ತು. ಅವರ ಮಾತಿಗೆ ಕಿವಿ ಕೊಡಬಾರದು ಎಂದುಕೊಂಡರೂ ಟೀಚರಮ್ಮನಿಂದ ಆಗಲಿಲ್ಲ.

“ನೀವು ಹಿಡ್ಕೊಳ್ಳಿ, ಗುಂಡಿ ನಾನು ಒತ್ತುತೀನಿ ರೀ.”

“ಆಗ ಅದು ನಿನ್ನ ಫೋಟೋ ಆಗುತ್ತೆ ಕಣೇ.”

“ಗುಂಡಿ ಇರೋದು ಬಲಗಡೆ. ಲಕ್ವ ಹೊಡೆದು ಎಂಟು ತಿಂಗಳಾಯ್ತು, ಆ ಕೈ ಏಳ್ತಿಲ್ಲ.”

“ಕ್ಯಾಮೆರಾ ತಲೆಕೆಳಗೆ ಹಿಡಿದ್ರೆ ಗುಂಡಿ ಎಡಗಡೆ ಬರುತ್ತಲ್ಲ. ಮನೇಲಿ ಬೆಕ್ಕನ್ನ ಹಾಗೇ ತೆಗೆದೆ.”

“ಬರೀ ಬಾಲ ಬಂದಿತ್ತು.”

“ಹಿತ್ತಲಿನ ಅಳಿಲು?”

“ಅದು ಪೂರ್ತಿ ಬಂತು. ಸ್ವಲ್ಪ ಮಸುಕು, ಆದ್ರೆ ಪೂರ್ತಿ ಬಂತು.”

“ಇವತ್ತು ಚಿರತೆ. ಕಣ್ಣು ನಿಚ್ಚಳವಾಗಿ ಬಂದ್ರೆ ನಾಳೆ ನಮ್ಮ ಮುಚ್ಚಿರೋ ಫೋಟೋ ಸ್ಟುಡಿಯೋ ಬಾಗಿಲು ತೆಗೀತೀನಿ.”

“ಬರದಿದ್ರೆ?”

“ನಾಳೆ ಮತ್ತೆ ಇಲ್ಲಿಗೇ ಬರ್ತೀನಿ.”

ಹೆಂಡತಿ ಕಿಟಕಿಯ ಮೇಲಿನ ಬೋರ್ಡನ್ನು ನಿಧಾನವಾಗಿ ಓದಿದಳು.

“ಕ್ಯಾಮೆರಾ ಸ್ಟ್ಯಾಂಡ್ ಒಳಗೆ ಬಿಡಲ್ವಂತೆ. ಒಂದೇ ಕೈಲಿ ಅಷ್ಟು ಭಾರ ಹೇಗೆ ಹಿಡೀತೀರಿ?”

“ಹೇಗೋ ಹಿಡೀತೀನಿ.”

“ಹೇಗೋ ಬೇಡ. ನನ್ನ ಹೆಗಲ ಮೇಲಿಟ್ಟು ತೆಗೀರಿ.”

“ಅಲ್ಲಾಡಬಾರದು ಮತ್ತೆ.”

“ನಿಮ್ಮ ಜೊತೆ ಮೂವತ್ತೈದು ವರ್ಷ ಅಲ್ಲಾಡದೆ ನಿಂತವಳು, ಒಂದು ಚಿರತೆಗೆ ಅಲ್ಲಾಡ್ತೀನಾ?”

ಗಂಡ ನಕ್ಕುಬಿಟ್ಟ. ಅಷ್ಟರಲ್ಲಿ ಕಿಟಕಿಯಿಂದ ಎರಡು ಟಿಕೆಟ್ ಹೊರಬಂದವು. ಅವನು ಅವನ್ನು ಎಡಗೈಯಲ್ಲೇ ಜೇಬಿಗೆ ಸೇರಿಸುವ ಹೊತ್ತಿಗೆ ಹೆಂಡತಿ ಆಗಲೇ ಗೇಟು ದಾಟಿ ಹತ್ತು ಹೆಜ್ಜೆ ಮುಂದಿದ್ದಳು.

“ಬೇಗ ಬನ್ನಿ ರೀ! ಬಿಸಿಲೇರಿದ್ರೆ ಅದು ಮಲಗಿಬಿಡುತ್ತೆ.”