ಕೆಮ್ಮಿಗೆ ಬಂದವನ ರಕ್ತಪರೀಕ್ಷೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಡಾಕ್ಟರರೇ, ಇಂದು ನಿವೃತ್ತರಾಗುತ್ತಿರುವ ಆಪ್ತಸಮಾಲೋಚಕಿ ಮಹಾದೇವಕ್ಕನವರೇ, ಉಪ್ಪಿಟ್ಟಿನ ವಾಸನೆ ಬಂದರೂ ಕುರ್ಚಿ ಬಿಡದೆ ಕುಳಿತಿರುವ ಸಭಿಕರೇ,

ನಾನು ಹಿರೇಬೆಂಡಿಗೇರಿಯ ಮಾಲತೇಶ. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ನುಡಿಸುತ್ತೇನೆ. ಊದುವುದು ನನ್ನ ಕಸುಬು, ಮಾತಾಡುವುದಲ್ಲ. ಆದರೂ ಮಹಾದೇವಕ್ಕನವರ ಬಗ್ಗೆ ಎರಡು ಮಾತು ಆಡದಿದ್ದರೆ ನನ್ನ ಗೆಳೆಯನೊಬ್ಬನಿಗೆ ಅನ್ಯಾಯವಾಗುತ್ತದೆ. ಯಾರು ಆ ಗೆಳೆಯ? ಹೆಸರು ಬೇಡ. ಅವನೂ ಊದುವವನೇ.

ಮೂರು ವರ್ಷದ ಹಿಂದೆ ಅವನಿಗೆ ಕೆಮ್ಮು ಹತ್ತಿತು. ಒಂದು ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ವಾದ್ಯದಿಂದ ರಾಗದ ಬದಲು ಕೆಮ್ಮೇ ಬಂತು. ಆಸ್ಪತ್ರೆಗೆ ಹೋದ. ಕಫದಲ್ಲಿ ಕ್ಷಯ ಸಿಕ್ಕಿತು. ಅಲ್ಲಿಗೆ ಮುಗಿಯಿತೇ? ಮಹಾದೇವಕ್ಕ "ರಕ್ತಾನೂ ಕೊಡ್ರಿ" ಎಂದರು.

"ಕೆಮ್ಮೋದು ಎದಿ ಅಲ್ಲೇನ್ರಿ, ರಕ್ತ ಯಾಕ ಬೇಕು?"

"ಎಚ್‌ಐವಿ ಐತೇನು ನೋಡಬೇಕ್ರಿ. ಅದು ಇದ್ರ ಮೈಯಾಗಿನ ಕಾವಲು ಸಡಲ್ತೈತಿ, ಮಲಗಿದ್ದ ಕ್ಷಯ ಎದ್ದು ಕುಂದರ್ತೈತಿ. ಕ್ಷಯ ಎದ್ರ ಎಚ್‌ಐವಿಗೂ ಹುರುಪು ಬರ್ತೈತಿ. ಒಂದಕ್ಕೊಂದು ಆಸರ ಆಗ್ತಾವು."

"ನಮ್ಮ ಬೀಗರಕಿಂತ ಛಲೋ ಹೊಂದಾಣಿಕಿ ಬಿಡ್ರಿ," ಎಂದು ಗೆಳೆಯ ನಕ್ಕ. ಎರಡೂ ಇವೆ ಎಂದು ತಿಳಿದ ಮೇಲೆ ನಗಲಿಲ್ಲ.

ಮೊದಲು ಕ್ಷಯದ ಗುಳಿಗೆ. ಮರುದಿನವೇ ಮೂತ್ರ ಕೇಸರಿ ಬಣ್ಣ! ಸಭೆಯ ಕ್ಷಮೆ ಕೋರುತ್ತೇನೆ. ಸಾವೇ ಬಂತೆಂದು ಆಸ್ಪತ್ರೆಗೆ ಓಡಿದ. "ಅದು ಗುಳಗಿ ಬಣ್ಣರೀ, ಹೋಗಿ ಊಟ ಮಾಡ್ರಿ," ಎಂದರು ಮಹಾದೇವಕ್ಕ. ಎರಡು ವಾರದ ಮೇಲೆ ಎಚ್‌ಐವಿ ಗುಳಿಗೆಯೂ ಶುರುವಾಯಿತು. ತಿಂಗಳೊಳಗೆ ಜ್ವರ, ಕೊರಳಲ್ಲಿ ನಿಂಬೆಹಣ್ಣಿನಷ್ಟು ಗಂಟು. ಸಿಟ್ಟಿಗೆದ್ದು ಗುಳಿಗೆಗಳನ್ನೆಲ್ಲ ಹಿತ್ತಿಲಿಗೆ ಎಸೆದ. ಆಗ ಅವನ ಹೆಂಡತಿ ತನುಜಾ ಒಂದೊಂದೇ ಗುಳಿಗೆ ಆರಿಸಿ...

ಮುಂದಿನ ಸಾಲಿನವರೆಲ್ಲ ಯಾಕೆ ಹಿಂದಕ್ಕೆ ತಿರುಗುತ್ತಿದ್ದೀರಿ? ಹೆಸರು ಹೇಳಿಬಿಟ್ಟೆನೇ?

ಇರಲಿ. ಹೌದು, ಹಿಂದೆ ಕುಳಿತಿರುವ ಆ ತನುಜಾ ನನ್ನ ಹೆಂಡತಿಯೇ. ಕೆಮ್ಮಿದವನೂ ನಾನೇ. ತನುಜಾ, ಮಾರಿ ಮ್ಯಾಲಿನ ಸೆರಗು ತಗಿ, ಹೇಳಿದ್ದಾತು.

ಅವಳು ಆ ಗುಳಿಗೆಗಳನ್ನು ಸಾಕ್ಷಿಗೆಂದು ಪೊಟ್ಟಣ ಕಟ್ಟಿ, ನನ್ನನ್ನು ಮಹಾದೇವಕ್ಕನ ಮುಂದೆ ನಿಲ್ಲಿಸಿದಳು. "ನಿಮ್ಮ ಗುಳಗಿ ನನ್ನ ಕೊಲ್ಲಾಕತ್ತಾವ್ರಿ!" ಎಂದು ಕೂಗಾಡಿದೆ. ಅವರು ನನ್ನನ್ನು ಡಾಕ್ಟರಿಗೆ ತೋರಿಸಿ, ಆಮೇಲೆ ಹೇಳಿದರು: "ಎಚ್‌ಐವಿ ಗುಳಗಿ ತಗೊಂಡ ಮ್ಯಾಲೆ ಮೈಯಾಗಿನ ಕಾವಲು ಈಗ ಎಚ್ಚರಾಗೇತ್ರಿ. ಕ್ಷಯದ ಜೋಡಿ ಜಗಳಕ್ಕ ನಿಂತೈತಿ, ಅದಕ್ಕ ಬಾವು. ಒಗದ ಗುಳಗಿ ಬದ್ಲಿ ಹೊಸಾವು ಕೊಡ್ತೇನಿ, ಬಿಡಬ್ಯಾಡ್ರಿ."

ಬಿಡಲಿಲ್ಲ. ಗಂಟು ಇಳಿಯಿತು, ಕ್ಷಯ ಹೋಯಿತು. ಎಚ್‌ಐವಿ ಇದೆ, ದಿನದ ಗುಳಿಗೆಗೆ ಹೆದರಿ ತೆಪ್ಪಗಿದೆ. ತನುಜಾಳಿಗೆ ಸೋಂಕಿಲ್ಲ.

ಫಾರೂಕ ಭಾಯಿ, ನಮ್ಮ ಬ್ಯಾಂಡಿನ ಯಜಮಾನರು ನೀವು. ಇಷ್ಟು ದಿನ ಮುಚ್ಚಿಟ್ಟಿದ್ದೇ ನಿಮಗೆ ಹೆದರಿ. ಈಗ ಎದ್ದು ನಿಂತಿದ್ದೀರಿ. ಭಾನುವಾರ ಹುಲಗೂರಿನ ಮದುವೆಗೆ ನಾನು ಬರಬೇಕೋ, ಬೇಡವೋ? ಇಲ್ಲೇ ಹೇಳಿಬಿಡಿ.

ಓಹೋ, ಚಪ್ಪಾಳೆಗೆ ಎದ್ದಿರಾ! ಬಾಗಿಲಿಗೆ ಹೊರಟಿರಿ ಅಂದುಕೊಂಡೆ.

ಮಹಾದೇವಕ್ಕನವರೇ, ಮೂರು ವರ್ಷ ನನ್ನ ಗುಟ್ಟನ್ನು ನೀವು ಯಾರಿಗೂ ಬಿಟ್ಟುಕೊಡಲಿಲ್ಲ. ನನಗೆ ಹತ್ತು ನಿಮಿಷವೂ ತಡೆಯಲಾಗಲಿಲ್ಲ. ಉಸಿರು ಉಳಿಸಿಕೊಟ್ಟ ನಿಮಗೆ, ಕೇಳಿಸಿಕೊಂಡ ಎಲ್ಲರಿಗೂ ನನ್ನ ಕೃತಜ್ಞತೆ. ನಮಸ್ಕಾರ.