ಶ್ರುತಿ ಹಿಡಿಯೋವ

…ಕಿವಿ ಹೋಗ್ಯಾವ ಅಂತ ಊರ ತುಂಬ ಹೇಳ್ಕೊಂತ ಬಂದಿ, ಮತ್ತ ಹಳ್ಳದ ಆಚಿ ದಂಡ್ಯಾಗ ಟಗರು ಕೆಮ್ಮಿದ್ದು ಹೆಂಗ ಕೇಳ್ತು ನಿನಗ? ಆಂ? ನಾ ನಿನ್ನ ಬಾಜೂಕ ಕುಂತೀನಿ, ನನಗ ಕೇಳಿಲ್ಲ. ನೀ ಉಣ್ಣಿ ನೂಲೋ ಕದರು ನಿಂದ್ರಿಸಿ ಗೋಣು ಎತ್ತಿದಿ... ಈಗ ನೋಡ್ದೆ ನಾ! ಯಾಕ ನಗಾಕತ್ತಿ? ನಗಬ್ಯಾಡ ಅಣ್ಣ. ಇವತ್ತ ಸಿಕ್ಕಿಬಿದ್ದಿ ನನ್ನ ಕೈಯಾಗ.

ಇರ್ಲಿ. ಮಾಳಮ್ಮಕ್ಕ ಮಜ್ಜಿಗಿ ಕೊಟ್ಟು ಒಳಗ ಹೋದ್ಳು, ಛಲೋ ಆತು. ಅಕಿ ಮುಂದ ಇದನ್ನ ಕೇಳಾಕ ನನಗ ಬಾಯಿ ಬರ್ತಿದ್ದಿಲ್ಲ. ಮಲ್ಕಪ್ಪಣ್ಣ, ಬರೋ ಸೋಮಾರ ನಮ್ಮ ಮೋನಮ್ಮನ ಲಗ್ನ. ಹುಡುಗಿ ಹಟ ಹಿಡದು ಕುಂತಾಳ. "ಅಪ್ಪಾ, ಮಲ್ಕಪ್ಪ ದೊಡ್ಡಪ್ಪ ಬಂದು ಸನಾದಿ ಊದಿದ್ರ ನಾ ಹಂದರದಾಗ ಕಾಲಿಡ್ತೀನಿ, ಇಲ್ಲಂದ್ರ ಇಲ್ಲ" ಅಂತಾಳ. ಅಕಿ ತಪ್ಪೇನು? ತೊಟ್ಲದಾಗ ಇದ್ದಾಗಿಂದ ನಿನ್ನ ಸನಾದಿ ಕೇಳ್ಕೊಂತ ಮಕ್ಕೊಂಡ ಕೂಸದು. ನೀ ಊದೋದು ಬಿಟ್ಟು ಮೂರು ವರ್ಷ ಆತು. ಮೂರು ವರ್ಷದಿಂದ ಅಕಿ ನನ್ನ ಒಂದ ಮಾತು ಕೇಳ್ತಾಳ... "ಅಪ್ಪಾ, ದೊಡ್ಡಪ್ಪಗ ಖರೇನ ಕಿವಿ ಹೋಗ್ಯಾವೇನು?" ಅಂತ. ನಾ ಏನು ಹೇಳ್ಲಿ?

ಕೈ ಹಂಗ ಅಲ್ಲಾಡಿಸಬ್ಯಾಡ! ಬ್ಯಾರೆ ಯಾರನ್ನರೆ ಕರಕೋ ಅಂತನ? ಕರದು ನೋಡೀನಿ ಅಣ್ಣ. ಗುರುಮಠಕಲ್ ಕಡಿಂದ ಒಬ್ಬ ಬಂದಿದ್ದ. ಛಲೋ ಊದ್ತಾನ, ದಮ್ಮೂ ಅದ. ಆದ್ರ ಅವಗ ತಾ ಊದೋದು ಬಿಟ್ರ ಮತ್ತೇನೂ ಕೇಳಂಗಿಲ್ಲ. ನನಗ ನಡುವ ಕೆಮ್ಮು ಬಂದು ಶ್ರುತಿ ಬಿಟ್ಟಬಿಟ್ಟೆ... ಅವಗ ಖಬರೇ ಇಲ್ಲ! ತನ್ನ ಪಾಡಿಗಿ ತಾ ಹೊಂಟ. ನಾ ಹಿಂದ ಕೆಮ್ಮಿಕೊಂತ ಉಳದೆ. ನೀ ಆಗಿದ್ರ...

ಮಂದಿಗೇನು ಗೊತ್ತು. ಮಲ್ಕಪ್ಪನ ಮ್ಯಾಳ ಅಂತಾರ. ಸಂಬಾಳ ಬಡಿಯೋ ಅಂಬ್ರಪ್ಪಗೂ ಜರಾ ಹೆಸರದ. ನಾ ಯಾರು? ತೂತಿಗೆಲ್ಲ ಮೇಣ ಮೆತ್ತಿದ ಸನಾದಿ ಹಿಡಕೊಂಡು, ಗಲ್ಲ ಉಬ್ಬಿಸಿ, ಮುಂಜಾನಿಂದ ಮಧ್ಯಾಹ್ನದ ತನಕ ಒಂದ ಸ್ವರ ಊದ್ಕೊಂತ ನಿಂದ್ರೋ ದೇವಿಂದ್ರಪ್ಪ. ಸುರಪುರದ ಅಗಸಿ ಬಾಗಿಲದಾಗ ಹುಡುಗೂರು ನನ್ನ ಕಂಡ್ರ "ಭೋಂ" ಅಂತಿದ್ದು! ನಗು, ಈಗ ನಗು, ಇದಕ್ಕ ನಗಬಹುದು.

ಆದ್ರ ನಿನಗ ಗೊತ್ತಿತ್ತು. ನೀ ಉಸುರು ತಗೊಳ್ಳಾಗ ನಾ ಗಟ್ಟಿ ಹಿಡೀತಿದ್ದೆ, ನಡುವ ಸಂದು ಬಿದ್ದದ್ದು ಒಂದು ನರಪಿಳ್ಳಿಗೂ ತಿಳೀತಿದ್ದಿಲ್ಲ. ನನ್ನ ದಮ್ಮು ಮುಗಿಯಾಕ ಬಂತಂದ್ರ ನಾ ಹೇಳೋದ ಬ್ಯಾಡ. ನೀ ಮ್ಯಾಲ ಎಲ್ಲೋ ಹಾರ್ಯಾಡಾಕತ್ತಿದ್ರೂ ಅದನ್ನ ಬಿಟ್ಟು ಇಳದು ಬಂದು ನನ್ನ ಸ್ವರದ ಮ್ಯಾಲ ಕುಂದ್ರತಿದ್ದಿ. ನಾ ಎದಿ ತುಂಬ ಉಸುರು ತುಂಬ್ಕೊಂಡ ಮ್ಯಾಲ ಮತ್ತ ಹೋಗ್ತಿದ್ದಿ. ಅಂಬ್ರಪ್ಪ ಬರೇ ನಿನ್ನ ಭುಜ ನೋಡಿ ಪೆಟ್ಟು ಹಿಡೀತಿದ್ದ. ಮತ್ತ ನಿನ್ನ ಕಣ್ಣು! ಊದೂವಾಗ ಒಮ್ಮೆ ನನ್ನ ಕಡಿ, ಒಮ್ಮೆ ಅಂಬ್ರಪ್ಪನ ಕಡಿ... "ಇಬ್ಬರು ಹೆಂಡ್ರನ್ನ ಕಟಗೊಂಡವರಂಗ ನೋಡ್ತಾರ ನಮ್ಮವ್ರು" ಅಂತ ಮಾಳಮ್ಮಕ್ಕ ಚ್ಯಾಷ್ಟಿ ಮಾಡ್ತಿದ್ಳು.

ನೋಡ್ತಿದ್ದಿಲ್ಲ ಅಂದ್ರ ಒಂದ ಹೊತ್ತಿನ್ಯಾಗ. ನಮ್ಮೊಳಗ ಯಾರರೆ ತಪ್ಪಿದಾಗ. ಅದು ನೀನ ಹಾಕಿದ ಕಾಯ್ದೆ ಅಲ್ಲೇನು? "ತಪ್ಪಿದವನ ಕಡಿ ತಿರುಗಿ ನೋಡಬಾರದಲೇ ದೇವಿಂದ್ರ. ನಾವು ನೋಡಿದ್ರ ಮಂದಿನೂ ಅವನ್ನ ನೋಡ್ತದ. ನೋಡದಿದ್ರ ತಪ್ಪು ಮೂರೂ ಮಂದೀದು ಆಗಿ ಕರಗಿ ಹೋಗ್ತದ." ಹಿಂಗಂದಿದ್ದಿ.

ಕೊಡೇಕಲ್ಲದಾಗ ಆ ಲಗ್ನ ಯಾದ್ ಅದನ? ಅಂಬ್ರಪ್ಪನ ಕೋಲು ಮುರದು ಹಾರಿ ಬೀಗರ ಎಲಿಮ್ಯಾಗಿನ ಹುಗ್ಗ್ಯಾಗ ಬಿತ್ತು! ಅಯ್ಯಯ್ಯ... ಅಂಬ್ರಪ್ಪ ಬರಿಗೈಲೆ ಬಡಿಯಾಕತ್ತಿದ, ನನಗ ನಗು ತಡಿಯವಲ್ದು, ತುಟಿ ನಡಗಾಕತ್ತಿದ್ದು. ನೀ? ಮ್ಯಾಲ ಹಂದರದ ಹಸರ ತಪ್ಪಲ ಎಣಸ್ಕೊಂತ ಊದಾಕತ್ತಿದಿ, ಏನೂ ಆಗಿಲ್ಲದವರಂಗ! ಕೋಲು ಹಾರೋದು ನಮ್ಮ ವಾದ್ಯದ ಪದ್ಧತಿ ಅಂತ ತಿಳಕೊಂಡ್ರು ಆ ಮಂದಿ.

ಮತ್ತ ಶಹಾಪುರದಾಗ... ರಜಾಕಾರರ ಗದ್ದಲದಾಗ. ಆ ಜಾಗೀರದಾರರ ಮನಿ ಲಗ್ನಕ್ಕ ಕರದಿದ್ರು, ಹೋಗಂಗಿಲ್ಲ ಅನ್ನಾಕ ಯಾರಿಗಿ ಧೈರ್ಯ ಇತ್ತು? ನಾಕು ಮಂದಿ ಬಂದೂಕ ಹಿಡಕೊಂಡು ನಮ್ಮ ಎದರಿಗೇ ಬಂದು ಕುಂತ್ರು. ಬಂದೂಕ ನೋಡಿದ್ದ ತಡ, ನನ್ನ ಉಸುರು ಹೊಟ್ಟಿ ಸೇರ್ತು. ಶ್ರುತಿ ನಿಂತೇ ಹೋತು ಅಣ್ಣ! ಅವರಾಗಿನ ಒಬ್ಬ ಹುಬ್ಬು ಗಂಟು ಹಾಕಿ ನಮ್ಮ ಕಡಿ ನೋಡಿದ. ನೀ ರಾಗ ಬಿಟ್ಟಿ. ಬಂದು ನನ್ನ ಸ್ವರ ಹಿಡದಿ. ಎಷ್ಟೊತ್ತು ಹಿಡದಿ! ನಿನ್ನ ಕೊಳ್ಳಾನ ನರ ಹಗ್ಗದಂಗ ಎದ್ದಿದ್ದು. ನಾ ಸುಧಾರಿಸ್ಕೊಂಡು ಸನಾದಿಯ ಊದೋ ಗರಿ ಬಾಯಾಗ ಇಟಗೊಂಡು ಊದೋತನಕ ಬಿಡಲಿಲ್ಲ ನೀ. ಆಗ ನನ್ನ ಮಾರಿ ನೋಡ್ಲಿಲ್ಲ. ಎದರಿನ ಗ್ವಾಡಿಗಿ ನೇತುಹಾಕಿದ್ದ ಕಂದೀಲ ನೋಡ್ಕೊಂತ ನಿಂತಿದ್ದಿ. ಅವತ್ತ ನನ್ನ ಜೀವ ಉಳಿಸಿದಿ. ನಾ ಮರತೀನೇನು? ಮರೀಲಿಲ್ಲ. ಅದ... ಅದ ಸುಡ್ತದ ನನಗ.

ಏನು ಸುಡ್ತದ? ಏನಿಲ್ಲ ಬಿಡು. ಬಿಸಲು. ಬಿಸಲಾಗ ನಡಕೊಂತ ಬಂದೀನಿ, ತಲಿ ಕಾದದ.

ನೋಡು, ನಾ ಹೇಳಾಕ ಬಂದದ್ದು ಹೈದ್ರಾಬಾದಿಂದು. ಕದರು ಯಾಕ ನಿಂತಿತು? ತಿರುವು ಅಣ್ಣ, ತಿರುವು... ನೀ ತಿರುವಿಕೊಂತ ಇದ್ರ ನನಗ ಹೇಳಾಕ ಸರಳ ಆಗ್ತದ.

ಹೈದ್ರಾಬಾದದ ರೇಡಿಯೋ ಮನ್ಯಾಗ ನಿನ್ನ ಕಿವಿ ತಪ್ಪಿಲ್ಲ. ಕಸಂ ಹಾಕಿ ಹೇಳ್ತೀನಿ, ತಪ್ಪಿಲ್ಲ. ಎಂಥಾ ದಿನ ಅದು! ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ರೇಡಿಯೋ ದಿಲ್ಲಿ ಸರ್ಕಾರದ್ದಾಗಿತ್ತು. ಹಳ್ಳಿ ವಾದ್ಯದವ್ರನ್ನೂ ಕರದು ಪರೀಕ್ಷಾ ಮಾಡ್ತಾರ ಅಂತ ಕಾಗದ ಬಂತು. ಮೂರೂ ಮಂದಿ ಯಾದಗೀರದಾಗ ರೈಲು ಹತ್ತಿದ್ವಿ. ಮಾಳಮ್ಮಕ್ಕ ಕಟ್ಟಿದ ರೊಟ್ಟಿ ವಾಡಿ ಬರೋದ್ರಾಗ ಮುಗದಿದ್ದು! ಅಲ್ಲಿ ಆ ಕ್ವಾಣಿ... ಗ್ವಾಡಿಗೆಲ್ಲ ಕಂಬಳಿ ಹೊಚ್ಚಿದಂಗ ಮಾಡಿದ್ರು. ನಾವು ಊದಿದ್ದು ನಮಗ ತಿರುಗಿ ಬರ್ತಿದ್ದಿಲ್ಲ. ಅಂಥಲ್ಲಿ ಯಾವನ ಸ್ವರ ನೆಟ್ಟಗ ನಿಂದ್ರತದ? ಅದಕ್ಕ ನೀ ಕಡೀಕ ಇಳದು ಮನಿ ಸ್ವರಕ್ಕ, ನಾ ಹಿಡದ ಸ್ವರಕ್ಕ ಬಂದಾಗ ನಿಂದು ನಂದು ಎರಡೂ ಕೂಡಲಿಲ್ಲ. ಕಂಬಳಿ ಮಾಡಿದ ಕೆಲಸ ಅದು.

ಏನು? ಯಾಕ ಹಂಗ ನೋಡ್ತಿ? ಹ್ವಾದ ಸಲ ಬಂದಾಗ ಪಂಖಾದ ಗಾಳಿ ಅಂದಿದ್ದೆ, ಹೌದು. ಪಂಖಾನೂ ಇತ್ತು, ಕಂಬಳಿನೂ ಇತ್ತು! ಅಂಬ್ರಪ್ಪನ್ನ ಬ್ಯಾರೆ ಮಾರು ದೂರ ಕುಂದ್ರಿಸಿದ್ರು. ಎಲ್ಲಾ ಕೂಡೇ ಹಂಗಾತು. ಮೊದಲ ಸಲ ಊದಿ ತೋರ್ಸಿದಾಗ ಎಷ್ಟು ಬರೋಬರಿ ಇತ್ತು! ಗಾಜಿನ ಆಚಿ ಕುಂತಿದ್ದ ಸಾಹೇಬ್ರು ವಾಹ್ವಾ ಅಂದ್ರು. ಎರಡನೇ ಸಲದಾಗ ಅಷ್ಟ... ನೀ ಒಬ್ಬನ ಆ ಶ್ರುತಿ ಪೆಟಿಗಿ ಇಟಗೊಂಡು ಊದಿದ್ದಿ ಅಂದ್ರ ಆಗ...

ಪೆಟಿಗಿನ? ಯಾವ ಪೆಟಿಗಿ? ನಾ ಪೆಟಿಗಿ ಅಂದ್ನ್ಯಾ?

ಹಾಂ... ಇತ್ತಲ್ಲ, ಮೂಲ್ಯಾಗ ಒಂದು ಪೆಟಿಗಿ ಇತ್ತು. ಒತ್ತಿದ್ರ ಭೋಂ ಅಂತಿತ್ತು. ನಾ ನೋಡಿದ್ದೆ. ನೀ ನೀರು ಕುಡಿಯಾಕ ಹೊರಗ ಹೋಗಿದ್ದಿ. ಅಂಬ್ರಪ್ಪ ಬೀಡಿ ಸೇದಾಕ ಹೋಗಿದ್ದ. ಸಾಹೇಬ್ರು ಬಂದು... ಮಾತಾಡ್ಸಿದ್ರು ಅಷ್ಟ. ಏನಂದ್ರು? ಏನೂ ಅನ್ನಲಿಲ್ಲ. ಊರು ಯಾವ್ದು ಅಂದ್ರು. ಸುರಪುರ ಅಂದೆ. ಅಷ್ಟ.

ಹಂಗ ನೋಡಬ್ಯಾಡ ಅಣ್ಣ. ಆಗಿನಿಂದ ನನ್ನ ಮಾರಿನ ನೋಡಾಕತ್ತಿ, ನನಗ ಮಾತು ತೊದಲಾಕತ್ತಾವ.

ಆತು. ಹೇಳ್ತೀನಿ. ಸಾಹೇಬ್ರು ಒಳ್ಳೆ ಮನಷ್ಯಾ, ನಕ್ಕೊಂತನ ಹೇಳಿದ್ರು. "ಸನಾದಿಯವ್ರು ಭಾಳ ಛಲೋ ಊದ್ತಾರ. ಮುಂದಿನ ಸಲದಿಂದ ಅವ್ರು, ಸಂಬಾಳದವ್ರು ಇಬ್ರ ಬಂದ್ರ ಸಾಕು. ಶ್ರುತಿಗಿ ನಮ್ಮ ಪೆಟಿಗಿ ಅದ" ಅಂದ್ರು. ಅಷ್ಟ ಅಂದು ಹೋದ್ರು. ನಾ ಪೆಟಿಗಿ ನೋಡಿದೆ. ಮೊಣಕಾಲುದ್ದನೂ ಇಲ್ಲ ಅದು! ಅದಕ್ಕ ದಮ್ಮು ಮುಗಿಯಂಗಿಲ್ಲ, ಬಂದೂಕ ಕಂಡ್ರ ಹೆದ್ರಂಗಿಲ್ಲ, ರೊಟ್ಟಿ ಕಟ್ಟೋದ ಬ್ಯಾಡ. ಹದಿನೆಂಟು ವರ್ಷ ನಾ ನಿನ್ನ ಹಿಂದ ನಿಂತೀನಿ ಅಣ್ಣ. ಹದಿನೆಂಟು ವರ್ಷ! ನೀ ನೀರು ಕುಡದು ಮೀಸಿ ಒರಸ್ಕೊಂತ ಬಂದಿ. "ಏನಲೇ, ಮಾರಿ ಯಾಕ ಸಪ್ಪಗದ?" ಅಂದಿ. ಏನಿಲ್ಲ ಅಂದೆ. ಎರಡನೇ ಸಲ ಊದಾಕ ಕುಂತ್ವಿ...

ಊದಿದ್ವಿ. ಮುಗೀತು.

ಮುಂದೇನು? ಅಷ್ಟ! ಸಾಹೇಬ್ರು ಗಾಜಿನ ಆಚಿ ತಲಿ ಅಲ್ಲಾಡಿಸಿದ್ರು. ನೀ ಸನಾದಿ ತೊಡಿ ಮ್ಯಾಲ ಇಟಗೊಂಡು, "ಸಾಬ್ರ, ನನ್ನ ಕಿವಿ ಹೋಗ್ಯಾವ" ಅಂದಿ. ನಿನ್ನ ಬಾಯಿಂದನ ಬಂತು ಆ ಮಾತು, ನಾವ್ಯಾರೂ ಅನ್ನಲಿಲ್ಲ! ಬರೂವಾಗ ರೈಲಿನಾಗ ಯಾದಗೀರ ಬರೋತನಕ ಖಿಡಕಿ ಹೊರಗ ನೋಡ್ಕೊಂತ ಕುಂತಿ. ಅಂಬ್ರಪ್ಪ ಮಾತಾಡ್ಸಿದ್ರ ಅವನ ಜೋಡಿ ಒಂದೆರಡು ಮಾತಾಡಿದಿ. ನನ್ನ ಕಡಿ ಒಮ್ಮೆರೆ... ಬ್ಯಾಸರ ಆಗಿತ್ತು ನಿನಗ, ಅದಕ್ಕ ನೋಡ್ಲಿಲ್ಲ ಅಂತ ನಾ ತಿಳಕೊಂಡೆ. ಸನಾದಿ ಜಂತಿಗಿ ಸಿಗಿಸಿದಿ. ಮಂದಿ ಕುರಿ ಕಾಯಾಕ ನಿಂತಿ.

ಇದನ್ನೆಲ್ಲ ಯಾಕ ಹೇಳಾಕತ್ತೀನಿ ಅಂದ್ರ, ಕಿವಿ ನೆಟ್ಟಗ ಅವ ನಿನ್ನವು. ಈಗ ಟಗರು ಕೆಮ್ಮಿದ್ದು ಕೇಳಿತಲ್ಲ? ಸೋಮಾರ ಬಂದು ಊದು. ನಾ ಶ್ರುತಿ ಹಿಡೀತೀನಿ. ಯಾವಾಗ್ಲೂ ಹಿಡಿದಂಗ ಬರೋಬರಿ ಹಿಡೀತೀನಿ. ಅವತ್ತೂ ಬರೋಬರಿನ ಹಿಡಿದಿದ್ದೆ. ನಂಬಿಕಿ ಇಲ್ಲೇನು? ಕಂಬಳಿ, ಪಂಖಾ, ಏನರೆ ಆಗಿರ್ಲಿ, ನನ್ನ ಕಡಿಂದ ಒಂದು ಕೂದಲೆಳಿಯಷ್ಟೂ ತಪ್ಪಿಲ್ಲ ಅಣ್ಣ. ಬೇಕಾರ ಮೋನಮ್ಮನ ಆಣಿ...

ಯಾಕ?

ಯಾಕ ಆ ಕಡಿ ತಿರುಗಿದಿ? ಕುರಿ ಎಲ್ಲೀ ಹೋಗಿಲ್ಲ. ಎಲ್ಲಾ ಮಲಗ್ಯಾವ. ಏನು ನೋಡ್ತಿ ಆ ಬೇಲಿ ಕಡಿ? ಅಣ್ಣ, ನಾ ಮಾತಾಡಾಕತ್ತೀನಿ. ಇಷ್ಟೊತ್ತನ ನನ್ನ ಮಾರಿ ನೋಡ್ತಿದ್ದಿ. ಈಗ್ಯಾಕ...

ಕಂದೀಲ ನೋಡಿದಂಗ ನೋಡಾಕತ್ತಿ.

ಅಂದ್ರ... ಮಲ್ಕಪ್ಪಣ್ಣ, ಆ ರೈಲಿನಾಗ... ಯಾದಗೀರ ತನಕ...

ನಿನಗ ಗೊತ್ತಿತ್ತು.

ಅವತ್ತ ಅಲ್ಲೇ ಗೊತ್ತಾತು ನಿನಗ! ಹಳ್ಳದ ಆಚಿನ ಟಗರು ಕೇಳೋ ಕಿವಿಗಿ ಬಾಜೂಕ ಕುಂತವನ ತುಟಿ ಸಡಲಾದದ್ದು ಕೇಳಂಗಿಲ್ಲೇನು? ಎಂಥಾ ಹುಚ್ಚ ನಾ... ಮೂರು ವರ್ಷದಿಂದ ನಿನಗ ತಿಳಿದಿಲ್ಲ ಅಂತ ಉಂಡೀನಿ, ಮಕ್ಕೊಂಡೀನಿ.

ಸಡಲ ಬಿಟ್ಟೆ ಅಣ್ಣ. ನಾನ ಬಿಟ್ಟೆ. ನೀ ಕಣ್ಣು ಮುಚ್ಚಿ ಇಳದು ಮನಿಗಿ ಬರಾಕತ್ತಿದ್ದಿ, ನಾ ಇರ್ತೀನಿ ಅಂತ ನಂಬಿ ಬರಾಕತ್ತಿದ್ದಿ. ನಾ ತುಟಿ ಸಡಲ ಬಿಟ್ಟು ಸ್ವರ ಇಳಸಿಬಿಟ್ಟೆ. ನನ್ನ ಜಾಗಾಕ್ಕ ಪೆಟಿಗಿ ಬಂದೀತು, ನಾ ಮ್ಯಾಳ ಬಿಟ್ಟು ಹೋಗ್ಬೇಕಾದೀತು ಅಂತ ಹಂಗ ಮಾಡ್ದೆ. ಬೇಮಾನ ನಾ.

ಮತ್ತ ನೀ ಅದಕ್ಕ ಕಿವಿ ಹೋಗ್ಯಾವ ಅಂದಿ. ಈಗ ತಿಳೀತು... ಊರಿಗಿ ಬಂದು ಮತ್ತ ಊದಿದ್ದಿ ಅಂದ್ರ ಮಂದಿ ಕೇಳ್ತಿದ್ರು. ಮಲ್ಕಪ್ಪ ಇಷ್ಟು ಬರೋಬರಿ ಊದ್ತಾನ, ಹಂಗಾರ ಹೈದ್ರಾಬಾದದಾಗ ತಪ್ಪಿದವ ಯಾರು ಅಂತ ಕೇಳ್ತಿದ್ರು. ಅದಕ್ಕ ಸನಾದಿನ ಜಂತಿಗಿ ಸಿಗಿಸಿಬಿಟ್ಟಿ. ಶಹಾಪುರದಾಗ ರಾಗ ಬಿಟ್ಟು ನನ್ನ ಸ್ವರದ ಮ್ಯಾಲ ಬಂದು ಕುಂತಂಗ... ಅಲ್ಲಿ ಒಂದು ಗಳಿಗಿ ಹಿಡದಿದ್ದಿ. ಇದು ಮೂರು ವರ್ಷ ಆತಲ್ಲೋ ಅಣ್ಣ!

ಮಾತಾಡಬ್ಯಾಡ. ಮಾಫಿ ಕೊಡಬ್ಯಾಡ. ಸೋಮಾರ ಬರದಿದ್ರೂ ನಡೀತದ, ಮೋನಮ್ಮಗ ನಾನ ಹೇಳ್ತೀನಿ, ಯಾರು ತಪ್ಪಿದ್ರು ಅಂತ ನನ್ನ ಬಾಯಿಲೆ ಹೇಳ್ತೀನಿ. ಆದ್ರ ಹಂಗ ಬೇಲಿ ನೋಡ್ಕೊಂತ ಕುಂದ್ರಬ್ಯಾಡ ಅಣ್ಣ. ನಿನಗ ಕೈ ಮುಗೀತೀನಿ. ಇಲ್ಲಿ ಮಂದಿ ಇಲ್ಲ, ಬಂದೂಕ ಇಲ್ಲ, ಸಾಹೇಬ್ರಿಲ್ಲ. ಬರೇ ಕುರಿ ಅವ. ತಪ್ಪಿದವ ನಾ ಇಲ್ಲೇ ಕುಂತೀನಿ...

ಈ ಕಡಿ ತಿರುಗು. ಒಮ್ಮೆ ನನ್ನ ನೋಡಣ್ಣ.