ಅಪ್ಪನ ನಾಟಕ

ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆಂದು ದಾರಿಯುದ್ದಕ್ಕೂ ಅತ್ತೆಯನ್ನು ಗದರಿಕೊಂಡೇ ಕರೆತಂದಿದ್ದ ದರ್ಜಿ ಹೆಂಗಸು ನೆನಪಿನ ಪರೀಕ್ಷೆ ನಡೆಯುವ ಕೋಣೆಯ ಹೊರಗೆ ಅವರೊಂದಿಗೆ ಕೂತಿದ್ದಳು. ಬೇಡವೆಂದರೂ ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತು ಕಿವಿಗೆ ಬೀಳುತ್ತಿತ್ತು.

“ಅಪ್ಪನ ಬಗ್ಗೆ ಡಾಕ್ಟರು ಏನಂದ್ರಕ್ಕಾ?”

“ಹಿಂದಿನ ಪರೀಕ್ಷೆಗಳಲ್ಲಿ ಅಂಕ ಕಮ್ಮಿಯಾಯ್ತು ಅಂತಷ್ಟೇ ಅಲ್ವಂತೆ. ಒಂದ್ಸಲ ಪೂರ್ತಿ ಬರೋದು, ಇನ್ನೊಂದ್ಸಲ ಅರ್ಧಕ್ಕಿಳಿಯೋದು, ಈ ಏರಿಳಿತಾನೇ ಮುಂದೆ ಮರೆವು ಹೆಚ್ಚಾಗಬಹುದು ಅನ್ನೋದಕ್ಕೆ ಸೂಚನೆ ಅಂತೆ.”

“ನಾವು ಬೇಕಂತಲೇ ಮಾಡ್ತಾರೆ ಅಂದ್ಕೊಂಡ್ವಲ್ಲ.”

“ಅಂದ್ಕೊಂಡ್ವಾ? ನೀನು ಮುಖಕ್ಕೆ ಹೊಡೆದ ಹಾಗೆ ಅಂದೇಬಿಟ್ಟೆ.”

“ನೀನೇನು ಕಮ್ಮಿನಾ? ಬೆಳಿಗ್ಗೆ ಇಸ್ಪೀಟಲ್ಲಿ ನಮ್ಮನ್ನೆಲ್ಲ ಸೋಲಿಸಿ, ಸಂಜೆ ಮೊಮ್ಮಗಳನ್ನೇ ಯಾರು ಅಂತ ಕೇಳಿದ್ರಲ್ಲ, ಆಗ ‘ಸಾಕು ನಿಮ್ಮ ನಾಟಕ’ ಅಂತ ತಟ್ಟೆ ಕುಕ್ಕಿದ್ದು ಯಾರು?”

ಅಕ್ಕ ಬ್ಯಾಗಿನ ಜಿಪ್ಪು ಎಳೆದಳು, ಮತ್ತೆ ತೆರೆದಳು.

“ಅದೆಲ್ಲ ಅವರಿಗೆ ಎಲ್ಲಿ ನೆನಪಿರುತ್ತೆ, ಬಿಡು.”

ಬಾಗಿಲು ತೆರೆಯಿತು. ಹೊರಬಂದ ಅಪ್ಪ ಮಗಳ ತೋಳು ಹಿಡಿದು ಮೆಲ್ಲಗೆ ಹೇಳಿದರು:

“ಇವತ್ತು ನಾಟಕ ಮಾಡ್ಲಿಲ್ಲ ಕಣಮ್ಮ. ನಿಜವಾಗ್ಲೂ ಗೊತ್ತಾಗ್ಲಿಲ್ಲ.”

ಮೂವರೂ ಮೆಟ್ಟಿಲಿಳಿದು ಹೋದರು. ದರ್ಜಿ ಹೆಂಗಸಿಗೆ ಪಕ್ಕದಲ್ಲೇ ಕೂತಿದ್ದ ಅತ್ತೆಯ ಮುಖ ನೋಡುವ ಧೈರ್ಯ ಬರಲಿಲ್ಲ.